ರಿವರ್ಸ್ ಕದಿರಪ್ಪನ ಟ್ರೇಲರ್ ಕೈ

ಬೂದಿಕೋಟೆ ಕಡೆಯ ಹಳ್ಳಿಗಳಲ್ಲಿ ಬೀದಿಯಲ್ಲಿ ನಿಂತು ಕದಿರಪ್ಪ ಎಂದು ಕೂಗಿದರೆ ನಾಲ್ಕು ಮನೆಗಳಿಂದ ತಲೆ ಹೊರಗೆ ಬರುತ್ತದೆ. ಅದಕ್ಕೇ ಪ್ರತಿಯೊಬ್ಬ ಕದಿರಪ್ಪನಿಗೂ ಊರವರು ಒಂದೊಂದು ಅಡ್ಡಹೆಸರು ಅಂಟಿಸಿರುತ್ತಾರೆ. ಇವನಿಗೆ ಅಂಟಿದ್ದು ರಿವರ್ಸ್. ಆ ಪದದ ಅರ್ಥ ಕೇಳಿದರೆ ಬಾಯಿ ಬಿಡುವ ಮುದುಕಿಯರೂ ರಿವರ್ಸ್ ಕದಿರಪ್ಪ ಎಂದು ತಪ್ಪಿಲ್ಲದೆ ಕರೆಯುತ್ತಿದ್ದರು. ಇಂಥ ಹೆಸರಿನ ಮನುಷ್ಯ ಕೆ.ಜಿ.ಎಫ್.ಗೆ ಹೋಗಿ ಡ್ರೈವಿಂಗ್ ಟೆಸ್ಟ್ ಕೊಟ್ಟು, ಬೇರೆಲ್ಲ ಬಿಟ್ಟು ರಿವರ್ಸಿನಲ್ಲೇ ಫೇಲಾದ. ಒಂದು ಸಲವಲ್ಲ, ಎರಡು ಸಲ. ಅವನ ಮಾನ ಹೋದದ್ದು ಹೇಗೆ, ಅದು ವಾಪಸ್ಸು ಬಂದದ್ದು ಯಾವ ದಾರಿಯಿಂದ ಎಂಬುದನ್ನು ಹೇಳಬೇಕಾದರೆ ಮೊದಲು ಎತ್ತಿನ ಗಾಡಿಯಿಂದ ಶುರು ಮಾಡಬೇಕು.

ಕದಿರಪ್ಪ ಮೀಸೆ ಮೂಡುವ ಮೊದಲೇ ಬಚ್ಚಪ್ಪನವರ ಮನೆಗೆ ಕೆಲಸಕ್ಕೆ ಸೇರಿದವನು. ಬಚ್ಚಪ್ಪ ಊರಿಗೆ ದೊಡ್ಡ ಕುಳ. ತೋಟ, ಹೊಲ, ಹಿಂಡು ಹಸು ಎಲ್ಲವೂ ಇದ್ದವು. ಇಲ್ಲದ್ದು ಒಂದೇ, ಮನೆಗೆ ನೆಟ್ಟಗಿನ ದಾರಿ. ಓಣಿ ಕಿರಿದು, ಅದರ ಕೊನೆಯಲ್ಲಿ ನೀರಿನ ತೊಟ್ಟಿಯ ಹತ್ತಿರ ಒಂದು ತಿರುವು, ತಿರುವು ದಾಟಿದ ಕೂಡಲೇ ಮನೆಯ ಜಗಲಿ, ಜಗಲಿಯ ಪಕ್ಕಕ್ಕೆ ಕಣಜದ ಕೊಟ್ಟಿಗೆ. ಒಳಗೆ ಹೋದ ಗಾಡಿ ತಿರುಗಲು ಜಾಗವಿಲ್ಲ. ಆದ್ದರಿಂದ ತುಂಬಿದ ಗಾಡಿಯನ್ನು ಓಣಿಯ ಬಾಯಿಂದಲೇ ಹಿಂದಕ್ಕೆ ನಡೆಸಿಕೊಂಡು ಹೋಗಬೇಕು. ಕದಿರಪ್ಪ ಎತ್ತುಗಳ ಮುಂದೆ ನಿಂತು, ನೊಗ ಹಿಡಿದು, ಅವುಗಳ ಮೂಗಿನ ಮೇಲೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತಿದ್ದ. ನೊಗ ಈ ಕಡೆಗೆ ಹೋದರೆ ಗಾಡಿಯ ಬಾಲ ಆ ಕಡೆಗೆ. ಇದು ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಜಗಲಿಯ ಕಲ್ಲಿಗೆ ಗಾಡಿ ತಾಗಿದಾಗಲೆಲ್ಲ ಬೆನ್ನಿಗೆ ಬಿದ್ದ ಏಟುಗಳು ಕಲಿಸಿದವು.

ಎಪ್ಪತ್ತರ ದಶಕದ ನಡುವೆ ಬಚ್ಚಪ್ಪ ಟ್ರಾಕ್ಟರ್ ತಂದರು, ಹಿಂದೆಯೇ ಟ್ರೇಲರೂ ಬಂತು. ಅದನ್ನು ಓಡಿಸಲು ಬಂಗಾರಪೇಟೆಯಿಂದ ಕರೆಸಿದ ಡ್ರೈವರು ಮೂರು ದಿಕ್ಕಿನಿಂದ ಪ್ರಯತ್ನಪಟ್ಟು, ತೊಟ್ಟಿಯ ಅಂಚು ಒಡೆದು, ಇಂಥ ಓಣಿಗೆ ಟ್ರಾಕ್ಟರ್ ತಂದವರಿಗೆ ಬುದ್ಧಿ ಇಲ್ಲ ಎಂದು ಬೈದು ಬಸ್ಸು ಹತ್ತಿದ. ಕದಿರಪ್ಪ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಟ್ರಾಕ್ಟರೇ ಎತ್ತು, ಟ್ರೇಲರೇ ಗಾಡಿ ಎಂದು ಅವನಿಗೆ ಹೊಳೆದಿತ್ತು. ಹೊಲದಲ್ಲಿ ಕೆಲವು ದಿನ ಓಡಿಸಿ ಕೈ ಕೂರಿಸಿಕೊಂಡ. ಆಮೇಲೊಂದು ದಿನ ರಾಗಿ ತೆನೆ ಹೇರಿದ ಟ್ರೇಲರನ್ನು ಓಣಿಯ ಬಾಯಿಂದ ಒಂದೇ ಉಸಿರಿಗೆ ಹಿಂದಕ್ಕೆ ತಂದು ಕೊಟ್ಟಿಗೆಯ ಬಾಗಿಲಿಗೆ ನಿಲ್ಲಿಸಿದ. ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು, ಎಡಗೈ ಮಡ್‌ಗಾರ್ಡಿನ ಮೇಲೆ, ಬಲಗೈ ಸ್ಟೇರಿಂಗಿನ ನೆತ್ತಿಯ ಮೇಲೆ. ಬಾಲ ಎಡಕ್ಕೆ ಬೇಕಾದರೆ ಕೈ ಬಲಕ್ಕೆ, ಬಾಲ ಬಲಕ್ಕೆ ಬೇಕಾದರೆ ಕೈ ಎಡಕ್ಕೆ. ಅವತ್ತಿನಿಂದ ಅವನು ರಿವರ್ಸ್ ಕದಿರಪ್ಪ. ಕಾಮಸಮುದ್ರದ ಕಡೆಯಿಂದಲೂ ಜನ ಬಂದು, ನಮ್ಮ ಟ್ರೇಲರು ಸಿಕ್ಕಿಕೊಂಡಿದೆ, ಒಂದು ಸಲ ಕಳಿಸಿಕೊಡಿ ಎಂದು ಬಚ್ಚಪ್ಪನವರನ್ನು ಕೇಳುತ್ತಿದ್ದರು. ಗಮನಿಸಿ, ಕೇಳುತ್ತಿದ್ದುದು ಬಚ್ಚಪ್ಪನವರನ್ನು, ಕದಿರಪ್ಪನನ್ನಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಾಯಿ ಬಿಟ್ಟು ಯಾರೂ ಹೇಳಿದ್ದಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಕೆಲಸದವನು ಜಗಲಿಯ ಮೇಲೆ ಕೂರಬಾರದು, ಅದು ಒಂದು. ಇನ್ನೊಂದು, ಕೆಲಸ ಮುಗಿದರೂ ತಾನಾಗಿ ‘ಬತ್ತೀನಿ’ ಎಂದು ಹೊರಡಬಾರದು. ಅಂಗಳದಲ್ಲಿ ನಿಂತಿರಬೇಕು. ಬಚ್ಚಪ್ಪ ಎಲೆ ಅಡಿಕೆ ಹಾಕಿಕೊಂಡು, ಬಂದವರ ಜೊತೆ ಮಾತಾಡಿ, ರೇಡಿಯೋ ಕೇಳಿ, ಕೊನೆಗೊಮ್ಮೆ ಇವನ ಕಡೆ ನೋಡಿ “ಇನ್ನ ಓಗ್ಲಾ” ಅನ್ನಬೇಕು. ಅಂದಮೇಲೆ ಹೋಗಬೇಕು. ಮದುವೆಯಾದ ಹೊಸದರಲ್ಲಿ ಹೆಂಡತಿ ಸೊಣ್ಣಮ್ಮ ಮುದ್ದೆ ಮಾಡಿಟ್ಟುಕೊಂಡು ಕಾಯುತ್ತಿದ್ದಾಗಲೂ, ತಾಯಿ ಅಕ್ಕಯ್ಯಮ್ಮನಿಗೆ ಜ್ವರ ಬಂದಿದ್ದಾಗಲೂ ಅವನು ಹಾಗೆಯೇ ನಿಂತಿದ್ದ. ಬಚ್ಚಪ್ಪ ಕೆಟ್ಟ ಮನುಷ್ಯರೇನಲ್ಲ. ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದರು, ಕಾಯಿಲೆಗೆ ಆಸ್ಪತ್ರೆ ತೋರಿಸುತ್ತಿದ್ದರು. ಅಂಗಳದಲ್ಲಿ ನಿಂತವನಿಗೆ ಕಾಲು ನೋಯುತ್ತದೆ ಎಂಬುದು ಮಾತ್ರ ಅವರಿಗೆ ತೋಚಿರಲಿಲ್ಲ. ಕದಿರಪ್ಪನಿಗೆ ನೋಯುತ್ತಿದ್ದುದು ಕಾಲೊಂದೇ ಅಲ್ಲ. ಅವನಿಗೆ ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ಸಾಯುವುದರೊಳಗೆ ಒಂದು ದಿನವಾದರೂ ನಾನಾಗಿ ‘ಬತ್ತೀನಿ’ ಅಂದು ಹೊರಡಬೇಕು ಎಂದು ಅವನು ಸೊಣ್ಣಮ್ಮನಿಗೆ ಮಾತ್ರ ಹೇಳಿಕೊಂಡಿದ್ದ.

ಎಂಬತ್ತರ ದಶಕದ ಮಧ್ಯದಲ್ಲಿ ಅದಕ್ಕೊಂದು ದಾರಿ ಕಾಣಿಸಿತು. ಸುತ್ತಲ ಹಳ್ಳಿಗಳ ಹಾಲನ್ನೆಲ್ಲ ಬಸ್ಸಿನ ಮೇಲೆ ಹಾಕಿ ಬಂಗಾರಪೇಟೆಗೆ ಕಳಿಸುತ್ತಿದ್ದರು. ಬಸ್ಸು ತಡವಾದ ದಿನ ಹಾಲು ಒಡೆಯುತ್ತಿತ್ತು, ಹೆಂಗಸರು ಬಸ್ಸಿನವನಿಗೂ ಡೇರಿಯವರಿಗೂ ಸೇರಿಸಿ ಬೈಯುತ್ತಿದ್ದರು. ಕೊನೆಗೆ ಈ ದಾರಿಗೆಂದೇ ಒಂದು ವ್ಯಾನು ಬರುತ್ತದೆ ಎಂದಾಯಿತು. ಡ್ರೈವರು ಈ ಕಡೆಯವನೇ ಆದರೆ ಒಳ್ಳೆಯದು, ಆದರೆ ಲೈಸೆನ್ಸ್ ಇರಬೇಕು, ಯುಗಾದಿಯೊಳಗೆ ತೋರಿಸಬೇಕು, ಇಲ್ಲದಿದ್ದರೆ ಹೊರಗಿನವನನ್ನು ಹಾಕುತ್ತೇವೆ ಎಂದು ಡೇರಿಯ ಕಾರ್ಯದರ್ಶಿ ಕೋದಂಡಪ್ಪ ಹೇಳಿದರು. ಹೇಳಿದ್ದು ಕದಿರಪ್ಪನಿಗೇ. ಇಷ್ಟು ವರ್ಷ ಟ್ರಾಕ್ಟರ್ ಓಡಿಸಿದವನಿಗೆ ಲೈಸೆನ್ಸ್ ಇಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಹೊಲಕ್ಕೂ ಮನೆಗೂ ನಡುವೆ ಲೈಸೆನ್ಸ್ ಕೇಳುವವರು ಯಾರಿದ್ದರು?

ಬಚ್ಚಪ್ಪನವರಿಗೆ ವಿಷಯ ಹೇಳಿದಾಗ ಅವರು ಸಿಟ್ಟಾಗಲಿಲ್ಲ. ಎಲೆಗೆ ಸುಣ್ಣ ಸವರುತ್ತಾ ನಕ್ಕರು.

“ಓಗ್ ಬಾರ್ಲಾ, ಯಾರ್ ಬ್ಯಾಡ ಅಂದ್ರು. ನೀನ್ ಎಲ್ಲೋದ್ರೂ ಕೊನೆಗೆ ಬರೋದು ನನ್ ಟ್ರಾಕ್ಟರ್‌ಗೇ ಕಣ್ಲಾ.”

ಕದಿರಪ್ಪ ಅವರು ‘ಓಗ್ಲಾ’ ಅನ್ನುವವರೆಗೆ ನಿಂತಿದ್ದು ಮನೆಗೆ ಬಂದ.

ಕೆ.ಜಿ.ಎಫ್.ನ ಊರಿಗಾಂನಲ್ಲಿ ಮುನಿಶಾಮಿ ಎಂಬಾತ ಡ್ರೈವಿಂಗ್ ಕಲಿಸುತ್ತಿದ್ದ. ಗಣಿಯಲ್ಲಿ ಲಾರಿ ಓಡಿಸಿ ರಿಟೈರಾದವನು, ಮನೆಮಾತು ತಮಿಳು, ಕನ್ನಡವನ್ನೂ ತೆಲುಗನ್ನೂ ಅದರ ಜೊತೆಗೆ ಕಲಸಿ ಮಾತಾಡುತ್ತಿದ್ದ. ಅವನ ಹಳೇ ಫಿಯಟ್ ಕಾರಿಗೆ ಎರಡು ಬ್ರೇಕು: ಒಂದು ಕಲಿಯುವವನ ಕಾಲಿಗೆ, ಇನ್ನೊಂದು ಮುನಿಶಾಮಿಯ ಕಾಲಿಗೆ. ಕದಿರಪ್ಪ ಮೊದಲ ದಿನವೇ ಗಣಿ ಕೆಲಸಗಾರರ ಮನೆಗಳ ಲೈನುಗಳ ನಡುವೆ, ಸೈಕಲ್ಲು, ಕೋಳಿ, ನೀರಿನ ಕೊಡಗಳ ಮಧ್ಯೆ ಕಾರನ್ನು ಸಲೀಸಾಗಿ ಓಡಿಸಿದ. ಮುನಿಶಾಮಿ ತನ್ನ ಬ್ರೇಕಿನಿಂದ ಕಾಲು ತೆಗೆದು ಬೀಡಿ ಹಚ್ಚಿದ. ಇವನಿಗೆ ಕಲಿಸುವುದೇನಿದೆ, ಲೈಸೆನ್ಸ್ ಜೇಬಲ್ಲಿದ್ದ ಹಾಗೆಯೇ ಎಂದ.

ಆಮೇಲೆ ಗೂಟಗಳ ಹತ್ತಿರ ಕರೆದುಕೊಂಡು ಹೋದ. ರಸ್ತೆಯ ಎಡ ಅಂಚಿನಲ್ಲಿ ಕೆಂಪು ಬಟ್ಟೆ ಕಟ್ಟಿದ ಎರಡು ಗೂಟ. ನಡುವೆ ಒಂದು ಕಾರು ಹಿಡಿಯುವುದಕ್ಕಿಂತ ಸ್ವಲ್ಪವೇ ಹೆಚ್ಚು ಜಾಗ. ಕಾರನ್ನು ಮುಂದಿನ ಗೂಟ ದಾಟಿಸಿ ನಿಲ್ಲಿಸಬೇಕು, ಅಲ್ಲಿಂದ ಹಿಂದಕ್ಕೆ ಬಂದು ಎರಡರ ನಡುವೆ ಅಂಚಿಗೆ ಸೇರಿಸಿ ನಿಲ್ಲಿಸಬೇಕು. ಟೆಸ್ಟ್ ಮಾಡಿ ಲೈಸೆನ್ಸ್ ಕೊಡುವ ಬ್ರೇಕ್ ಇನ್‌ಸ್ಪೆಕ್ಟರು ಎಲ್ಲರನ್ನೂ ಕೇಳುವುದು ಇದೇ. ಕದಿರಪ್ಪನಿಗೆ ನಗು ಬಂತು. ಟ್ರೇಲರೇ ಇಲ್ಲದ ಗಾಡಿಯನ್ನು ಹಿಂದಕ್ಕೆ ಬಿಡುವುದೂ ಒಂದು ಕೆಲಸವೇ?

ಹಿಂದಕ್ಕೆ ತಿರುಗಿ ಕೂತ. ಬಲಗೈಯನ್ನು ಸ್ಟೇರಿಂಗಿನ ನೆತ್ತಿಯ ಮೇಲಿಟ್ಟ. ಕಾರಿನ ಬಾಲ ಎಡಕ್ಕೆ, ಅಂಚಿನ ಕಡೆಗೆ ಹೋಗಬೇಕಿತ್ತು. ಕೈ ತನ್ನಷ್ಟಕ್ಕೆ ತಾನೇ ಬಲಕ್ಕೆ ಹೊರಳಿತು. ಕಾರು ಗೂಟಗಳಿಗೆ ಬೆನ್ನು ತೋರಿಸಿ ನಡುರಸ್ತೆಗೆ ಹೋಗಿ ಅಡ್ಡ ನಿಂತಿತು. ಹಿಂದಿನಿಂದ ಬಂದ ಬಂಗಾರಪೇಟೆ ಬಸ್ಸಿನವನು ಹಾರನ್ ಒತ್ತಿ ಹಿಡಿದ.

“ಏನ್ ಕಣ್ಣಾ, ನಾನ್ ಲೆಫ್ಟ್ ಅಂತೀನಿ, ನೀನ್ ರೈಟ್ ತಿರುಗಿಸ್ತೀಯಾ?” ಎಂದ ಮುನಿಶಾಮಿ.

“ಎಡಕ್ಕೆ ಓಗ್ಲಿ ಅಂತಾನೇ ಬಲಕ್ಕೆ ತಿರುಗ್ಸಿದ್ದು,” ಎಂದ ಕದಿರಪ್ಪ.

ಮುನಿಶಾಮಿ ಬೀಡಿ ಎಸೆದು ಕಾಲನ್ನು ಮತ್ತೆ ಬ್ರೇಕಿನ ಮೇಲಿಟ್ಟ.

ಟ್ರೇಲರಿಗೆ ಒಂದು ಲೆಕ್ಕ, ಕಾರಿಗೆ ಇನ್ನೊಂದು ಲೆಕ್ಕ ಎಂಬುದು ಕದಿರಪ್ಪನಿಗೆ ಅರ್ಥವಾಗಲಿಲ್ಲ ಎಂದಲ್ಲ. ತಲೆಗೆ ಅವತ್ತೇ ಅರ್ಥವಾಯಿತು. ಆದರೆ ಕೈಗೆ ಯಾರು ಹೇಳುವುದು? ಎತ್ತಿನ ಕಾಲದಿಂದ ಕಲಿತ ಕೈ ಅದು. ನಿಧಾನಕ್ಕೆ ಯೋಚಿಸಿಕೊಂಡು ಮಾಡಿದಾಗ ಒಂದೊಂದು ಸಲ ಸರಿಯಾಗುತ್ತಿತ್ತು. ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಕೈ ಹಳೇ ದಾರಿ ಹಿಡಿಯುತ್ತಿತ್ತು. ಮುನಿಶಾಮಿ ಬಲಗೈಗೆ ಕರವಸ್ತ್ರ ಕಟ್ಟಿ ನೋಡಿದ, ನೆನಪಿರಲಿ ಎಂದು. ಕರವಸ್ತ್ರದ ಸಮೇತ ಕೈ ತಪ್ಪು ದಿಕ್ಕಿಗೆ ಹೋಯಿತು.

ಮೊದಲ ಟೆಸ್ಟಿನಲ್ಲಿ ಬ್ರೇಕ್ ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತರು. ಕನ್ನಡಕದ ಮನುಷ್ಯ, ಮಾತು ಕಡಿಮೆ. ಕದಿರಪ್ಪ ಮುಂದಕ್ಕೆ ಓಡಿಸಿದ್ದು, ದಿಬ್ಬದ ಮೇಲೆ ನಿಲ್ಲಿಸಿ ಎತ್ತಿದ್ದು, ಕೈ ತೋರಿಸಿ ತಿರುಗಿಸಿದ್ದು, ಎಲ್ಲವೂ ಚೆನ್ನಾಗಿತ್ತು. ಗೂಟಗಳ ಹತ್ತಿರ ಕಾರು ನಡುರಸ್ತೆಗೆ ಹೋಯಿತು. ಇನ್‌ಸ್ಪೆಕ್ಟರು “ಇಳಿ” ಎಂದರು. ಎರಡನೇ ಟೆಸ್ಟಿನಲ್ಲಿ ಹೆದರಿಕೆಯೂ ಸೇರಿಕೊಂಡು ಹಿಂದಿನ ಗೂಟವೇ ಮುರಿಯಿತು. ಆಗ “ಇಳಿ” ಎಂದು ಹೇಳುವ ಅಗತ್ಯವೂ ಬೀಳಲಿಲ್ಲ.

ಊರಿಗೆ ಬಂದು, ಇನ್‌ಸ್ಪೆಕ್ಟರು ರಜೆ ಹಾಕಿದ್ದರು ಎಂದು ಹೇಳಿದ. ಆದರೆ ಕೆ.ಜಿ.ಎಫ್.ಗೂ ಬೂದಿಕೋಟೆಗೂ ನಡುವೆ ದಿನಕ್ಕೆ ಎಷ್ಟು ಬಸ್ಸು ಓಡಾಡುತ್ತವೋ ಅಷ್ಟು ಸಲ ಸುದ್ದಿಯೂ ಓಡಾಡುತ್ತದೆ. ರಿವರ್ಸ್ ಕದಿರಪ್ಪ ರಿವರ್ಸಿನಲ್ಲಿ ಫೇಲು ಎಂಬ ಸುದ್ದಿ ಬಿಟ್ಟು ಟೀ ಅಂಗಡಿಯವರು ಒಂದು ವಾರ ಬೇರೆ ಮಾತೇ ಆಡಲಿಲ್ಲ. ಬಚ್ಚಪ್ಪ ಜಗಲಿಯ ಮೇಲಿಂದ, “ಏನ್ಲಾ, ಗೂಟ ಮುರಿದಂತೆ?” ಎಂದು ಕೇಳಿ ನಕ್ಕು, ಅಂಗಳದಲ್ಲಿ ಅವನನ್ನು ಅವತ್ತು ಇನ್ನೂ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲಿಸಿಕೊಂಡರು. ಬೇಕೆಂದು ಮಾಡಿದರೋ, ಮರೆತರೋ ಗೊತ್ತಿಲ್ಲ. ಕದಿರಪ್ಪನಿಗೆ ಮಾತ್ರ ಅಳು ಬರುವಂತಾಯಿತು. ಯುಗಾದಿ ಹತ್ತಿರ ಬರುತ್ತಿತ್ತು. ಮೂರನೇ ಟೆಸ್ಟೂ ಹೋದರೆ ವ್ಯಾನು ಹೊರಗಿನವನ ಪಾಲು. ಆಮೇಲೆ ಈ ಅಂಗಳವೇ ಗತಿ, ಮುದುಕನಾಗುವವರೆಗೆ.

ಟೆಸ್ಟಿನ ಹಿಂದಿನ ವಾರ ಟ್ರಾಕ್ಟರಿಗೂ ಕೆಲಸವಿರಲಿಲ್ಲ. ಹೊರಗೆ ಮುಖ ತೋರಿಸಲು ನಾಚಿಕೆಯಾಗಿ ಅವನು ಮನೆಯಲ್ಲೇ ಕೂತಿದ್ದ. ಸೊಣ್ಣಮ್ಮ ಹೊಸ ತೊಗರಿಯನ್ನು ಹದ ಮಾಡಿ ಬೇಳೆ ಒಡೆಯಲು ಬೀಸುಕಲ್ಲು ಹೂಡಿದ್ದಳು. ಯಾವಾಗಲೂ ಅವಳ ಎದುರಿಗೆ ಕೂತು ಕೈ ಕೊಡುತ್ತಿದ್ದವಳು ಅತ್ತೆ ಅಕ್ಕಯ್ಯಮ್ಮ. ಆದರೆ ಈಗ ಆಕೆ ಮಗಳ ಬಾಣಂತನಕ್ಕೆಂದು ಕಾಮಸಮುದ್ರಕ್ಕೆ ಹೋಗಿದ್ದಳು.

“ಸುಮ್ಕೆ ಕೂತಿರೋ ಬದ್ಲು ಈ ಕಡೆ ಬಂದು ಕೈ ಕೊಡಬಾರ್ದಾ?” ಎಂದಳು ಸೊಣ್ಣಮ್ಮ.

ಗಂಡಸು ಬೀಸುಕಲ್ಲಿನ ಮುಂದೆ ಕೂತದ್ದನ್ನು ಕಂಡರೆ ಊರು ಅದನ್ನೂ ಟೀ ಅಂಗಡಿಗೆ ಸಾಗಿಸುತ್ತದೆ. ಕದಿರಪ್ಪ ಎದ್ದು ಮೊದಲು ಬಾಗಿಲು ಹಾಕಿದ. ಆಮೇಲೆ ತಾಯಿಯ ಜಾಗದಲ್ಲಿ, ಹೆಂಡತಿಯ ಎದುರಿಗೆ, ಕಲ್ಲಿನ ಆ ಪಕ್ಕಕ್ಕೆ ಕಾಲು ಚಾಚಿ ಕೂತು ಕಲ್ಲಿನ ಹಿಡಿಗೂಟಕ್ಕೆ ಕೈ ಹಾಕಿದ. ಕಲ್ಲು ತಿರುಗಲಿಲ್ಲ. ಅವಳು ಬಾಗಿಲ ಕಡೆಗೆ ತಳ್ಳಿದರೆ ಇವನು ಬಲ ಹಾಕಿ ಬೇರೆ ಕಡೆಗೆ ಎಳೆಯುತ್ತಿದ್ದ.

“ನಿನ್ ಪಾಡಿಗೆ ನೀನು ಎಳೀಬ್ಯಾಡ ಕಣಯ್ಯ. ಕಲ್ಲು ಓದಂಗೆ ಕೈ ಬಿಡು.”

ಕೈ ಸಡಿಲ ಬಿಟ್ಟ. ಕಲ್ಲು ಗುರುಗುಟ್ಟಿ ತಿರುಗಿತು, ಅಂಚಿನಿಂದ ಬೇಳೆ ಉದುರತೊಡಗಿತು. ಬೇರೇನೂ ಕೆಲಸವಿಲ್ಲದ ಕದಿರಪ್ಪ ಗೂಟವನ್ನೇ ನೋಡುತ್ತಾ ಕೂತ. ಗೂಟ ಸೊಣ್ಣಮ್ಮನ ಮಡಿಲ ಹತ್ತಿರ ಇರುವಾಗ ಬಾಗಿಲ ಕಡೆಗೆ ಹೋಗುತ್ತದೆ. ಸುತ್ತಿಕೊಂಡು ತನ್ನ ಹತ್ತಿರ ಬಂದಾಗ ಗೋಡೆಯ ಕಡೆಗೆ ಹೋಗುತ್ತದೆ. ಕಲ್ಲು ಮಾತ್ರ ಒಂದೇ ಕಡೆಗೆ ತಿರುಗುತ್ತಿದೆ. ಅವನು ಗೂಟ ಹಿಡಿದು ಕಲ್ಲನ್ನು ನಿಲ್ಲಿಸಿಬಿಟ್ಟ.

“ಯಾಕೆ, ಕೈ ನೋಯ್ತಾ?”

“ಇನ್ನೊಂದ್ ಕಿತ ತಿರುಗ್ಸು. ನಿಧಾನಕ್ಕೆ.”

ಅವಳು ತಿರುಗಿಸಿದಳು. ಅವನು ನೋಡಿದ. ಮತ್ತೆ ತಿರುಗಿಸು ಎಂದ. ಆಮೇಲೆ ಎದ್ದು ಗೋಡೆಗೆ ನೇತು ಹಾಕಿದ್ದ ಜರಡಿಯನ್ನು ತಂದು, ಗೋಡೆಗೆ ಒರಗಿ ಕೂತು, ಅದನ್ನು ಸ್ಟೇರಿಂಗಿನ ಹಾಗೆ ಎದೆಯ ಮುಂದೆ ಹಿಡಿದುಕೊಂಡ. ಮೇಲೆ ಹಿಡಿದು ಕೈಯನ್ನು ಬಲಕ್ಕೆ ಒಯ್ದ. ಜರಡಿ ಬಲಕ್ಕೆ ತಿರುಗಿತು. ಕೆಳಗಿನ ಅಂಚು ಹಿಡಿದು ಅದೇ ಕೈಯನ್ನು ಅದೇ ಬಲಕ್ಕೆ ಒಯ್ದ. ಜರಡಿ ಎಡಕ್ಕೆ ತಿರುಗಿತು.

“ಸೊಣ್ಣಿ, ಈ ಕೈಗೆ ಬುದ್ಧಿ ಯೋಳೋದೇ ಬ್ಯಾಡ. ಅದು ಓಗೋ ಕಡೆಗೇ ಓಗ್ಲಿ. ನಾನು ಹಿಡ್ಕೊಳೋ ಜಾಗ ಬದ್ಲಾಯಿಸಿದ್ರೆ ಆಯ್ತು,” ಎಂದ.

ಸೊಣ್ಣಮ್ಮನಿಗೆ ಕಾರೂ ಗೊತ್ತಿಲ್ಲ, ಸ್ಟೇರಿಂಗೂ ಗೊತ್ತಿಲ್ಲ. ಆದರೆ ಕಲ್ಲಿನ ಆ ಪಕ್ಕ ಈ ಪಕ್ಕ ಚೆನ್ನಾಗಿ ಗೊತ್ತಿತ್ತು. “ಅಷ್ಟೇ ತಾನೆ? ಅತ್ತೆ ಜಾಗದಲ್ಲಿ ಕೂತ್ರೆ ನಂಗೂ ಮೊದ್ಲು ಕೈ ತಿರುಗ್ತಿರ್ಲಿಲ್ಲ,” ಎಂದಳು. “ಈಗ ಜರಡಿ ಇಟ್ಟು ಬಾ, ಬೇಳೆ ಮುಗೀಲಿ.”

ಮರುದಿನ ಊರಿಗಾಂನಲ್ಲಿ ಕದಿರಪ್ಪ ಫಿಯಟ್ಟಿನ ಸ್ಟೇರಿಂಗನ್ನು ಹೊಟ್ಟೆಯ ಹತ್ತಿರ, ಕೆಳ ಅಂಚಿನಲ್ಲಿ ಹಿಡಿದ. ಮುನಿಶಾಮಿ, “ಇದೇನ್ ಕಣ್ಣಾ, ಮಡಕೆ ಹಿಡಿದ ಹಾಗೆ?” ಎಂದ. ಕದಿರಪ್ಪ ಹಿಂದಕ್ಕೆ ತಿರುಗಿ ಕೂತು, ಕೈಯನ್ನು ಅದರ ಇಷ್ಟಕ್ಕೆ ಬಿಟ್ಟ. ಟ್ರೇಲರಿನ ಬಾಲ ಎಡಕ್ಕೆ ತರಲು ಅದು ಹೇಗೆ ಹೊರಳುತ್ತಿತ್ತೋ ಹಾಗೆಯೇ ಹೊರಳಿತು. ಕಾರು ಎರಡು ಗೂಟಗಳ ನಡುವೆ ಹೋಗಿ ಅಂಚಿಗೆ ಸೇರಿಕೊಂಡಿತು. ಮುನಿಶಾಮಿ ಇಳಿದು ಕಾರನ್ನು ಒಂದು ಸುತ್ತು ಹಾಕಿ ನೋಡಿದ. ಇನ್ನೊಂದು ಸಲ ಮಾಡು ಎಂದ, ಮಾಡಿದ. ಕೆಮ್ಮಿ ನೋಡಿದ, ಕೂಗಾಡಿ ನೋಡಿದ. ಆಮೇಲೆ ಎರಡು ಟೀ ತರಿಸಿದ. ಶಿಷ್ಯರಿಗೆ ಟೀ ತರಿಸುವ ಅಭ್ಯಾಸ ಅವನಿಗಿರಲಿಲ್ಲ.

ಮೂರನೇ ಟೆಸ್ಟಿನ ದಿನ ಅದೇ ಕನ್ನಡಕದ ಇನ್‌ಸ್ಪೆಕ್ಟರು. ಮುನಿಶಾಮಿ ಹಿಂದಿನ ಸೀಟಿನಲ್ಲಿ ಕೂತಿದ್ದ. ಎಲ್ಲ ಮುಗಿದು ಗೂಟಗಳ ಮುಂದೆ ಬಂದಾಗ ಕದಿರಪ್ಪ ಸ್ಟೇರಿಂಗಿನ ಕೆಳಗೆ ಕೈಯಿಟ್ಟ.

“ಅದೇನಯ್ಯ ಹಾಗೆ ಹಿಡಿಯೋದು? ಕೈ ಮೇಲಿಡು,” ಎಂದರು ಇನ್‌ಸ್ಪೆಕ್ಟರು.

ಹೇಳಿದ ಹಾಗೆ ಕೇಳಿ ಅಭ್ಯಾಸವಾದ ಮನುಷ್ಯ. ಕೈ ಮೇಲಿಟ್ಟ. ಕಾರು ಎರಡು ಮೊಳ ಹಿಂದಕ್ಕೆ ಹೋಗುವಷ್ಟರಲ್ಲಿ ಬಾಲ ನಡುರಸ್ತೆಯ ಕಡೆಗೆ ತಿರುಗತೊಡಗಿತ್ತು. ಇನ್ನು “ಇಳಿ” ಎಂಬ ಮಾತು ಬರುತ್ತದೆ. ಅಂಗಳ, ಜಗಲಿ, ಬಚ್ಚಪ್ಪನವರ ನಗು ಎಲ್ಲ ಕಣ್ಣ ಮುಂದೆ ಬಂತು. ಅವನು ಬ್ರೇಕ್ ಒತ್ತಿ ಕಾರು ನಿಲ್ಲಿಸಿದ.

“ಸ್ವಾಮಿ, ಒಂದ್ ಮಾತು. ನಂದು ಟ್ರೇಲರ್ ಕೈ. ಮೇಲೆ ಹಿಡಿದ್ರೆ ಅದು ಉಲ್ಟಾ ಓಗ್ತದೆ. ಕೆಳಗೆ ಹಿಡಿದ್ರೆ ನೆಟ್ಟಗೆ ಬತ್ತದೆ. ಹತ್ತು ವರ್ಷದಿಂದ ಟ್ರಾಕ್ಟರ್‌ನಲ್ಲಿ ಅಂಗೇ ರೂಢಿ ಆಗೋಗದೆ.”

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಅವನನ್ನು ನೋಡಿದರು. “ಹತ್ತು ವರ್ಷದಿಂದ ಟ್ರಾಕ್ಟರ್ ಓಡಿಸ್ತಿದೀಯ. ಲೈಸೆನ್ಸು?”

ಲೈಸೆನ್ಸ್ ಕೊಡುವವರ ಮುಂದೆಯೇ ಲೈಸೆನ್ಸ್ ಇಲ್ಲದೆ ಓಡಿಸಿದ್ದನ್ನು ಒಪ್ಪಿಕೊಂಡ ಮಹಾನುಭಾವ ಆ ಜಿಲ್ಲೆಯಲ್ಲಿ ಅವನೊಬ್ಬನೇ ಇರಬೇಕು.

“ಹೊಲದಲ್ಲಿ ಸಾರ್, ಹೊಲದಲ್ಲಿ ಮಾತ್ರ,” ಎಂದ ಮುನಿಶಾಮಿ ಹಿಂದಿನಿಂದ.

“ಹೊಲದಲ್ಲಿ ಯಾವ ಸಂದಿಗೆ ರಿವರ್ಸ್ ತಗೋತಾನೆ?”

ಮುನಿಶಾಮಿ ಮೂರು ಭಾಷೆಯನ್ನೂ ಕಲಸಿ ಏನೋ ಗೊಣಗಿದ. ಇನ್‌ಸ್ಪೆಕ್ಟರು ಕನ್ನಡಕ ಹಾಕಿಕೊಂಡರು.

“ನಿನ್ನ ಕೈ ಎಲ್ಲಾದರೂ ಇರಲಿ, ಗಾಡಿ ಗೂಟದ ಮಧ್ಯೆ ಬಂದು ನಿಲ್ಲಬೇಕು. ಇನ್ನೊಂದೇ ಸಲ. ಮುಂದಕ್ಕೆ ತಗೋ.”

ಕದಿರಪ್ಪ ಮುಂದಕ್ಕೆ ತೆಗೆದುಕೊಂಡ. ಕೆಳಗೆ ಹಿಡಿದ. ಸೊಣ್ಣಮ್ಮನ ಎದುರು ಕೂತ ಹಾಗೆಯೇ ಕೈ ಸಡಿಲ ಬಿಟ್ಟ. ಕಾರು ಒಳಗೆ ಹೋಗಿ ನಿಂತಿತು. ಇನ್‌ಸ್ಪೆಕ್ಟರು ಬಾಗಿಲು ತೆರೆದು ಚಕ್ರಕ್ಕೂ ಅಂಚಿಗೂ ನಡುವಿನ ಜಾಗ ನೋಡಿ, ಸಹಿ ಹಾಕಿ, ಮುಂದಿನವನನ್ನು ಕರೆದರು.

ಲೈಸೆನ್ಸ್ ಕೈಗೆ ಬಂದ ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಬಚ್ಚಪ್ಪನವರ ಮನೆಗೆ ಹೋದ. ಕೆಲಸ ಬಿಡುತ್ತೇನೆ ಎಂದು ಹೇಳಿದ. ಅವರು ಹೂಂ ಎಂದರು, ಎಲೆ ಅಡಿಕೆ ತಟ್ಟೆ ಎಳೆದುಕೊಂಡರು. ಹೇಳುವುದು ಮುಗಿದಿತ್ತು. ಈಗ ‘ಬತ್ತೀನಿ’ ಎನ್ನುವುದೊಂದೇ ಬಾಕಿ. ದಾರಿಯುದ್ದಕ್ಕೂ ಅದನ್ನೇ ಬಾಯಲ್ಲಿ ಹೇಳಿಕೊಂಡು ಬಂದಿದ್ದ. ಆದರೆ ಕಾಲು ಕೀಳಲಿಲ್ಲ, ಮಾತು ಬರಲಿಲ್ಲ. ಬಚ್ಚಪ್ಪ ಎಲೆ ಜಗಿದು, ಉಗಿದು, ಯಾರನ್ನೋ ಮಾತಾಡಿಸಿ, ಇವನು ನಿಂತಿರುವುದು ಕಂಡು “ಇನ್ನ ಓಗ್ಲಾ” ಎಂದರು. ಅವನು ಹೋದ. ಮನೆಗೆ ಬಂದು ಲೈಸೆನ್ಸನ್ನು ಸೊಣ್ಣಮ್ಮನ ಕೈಗೆ ಕೊಟ್ಟು, “ಇದು ಇದ್ರೂ ಬಾಯಿ ಬರ್ಲಿಲ್ಲ ಕಣಮ್ಮಿ,” ಎಂದು ತಲೆ ತಗ್ಗಿಸಿಕೊಂಡು ಕೂತ. ಅವಳು ಅದನ್ನು ಸೆರಗಿನಲ್ಲಿ ಒರೆಸಿ ದೇವರ ಪಟದ ಹಿಂದಿಟ್ಟಳು. “ಬತ್ತದೆ ಬಿಡು,” ಎಂದಳು.

ವ್ಯಾನು ಯುಗಾದಿಗೆ ಬಂತು. ಬೆಳಗ್ಗೆ ಸಂಜೆ ಹಳ್ಳಿ ಹಳ್ಳಿಯ ಕ್ಯಾನುಗಳನ್ನು ಹೇರಿಕೊಂಡು ಕದಿರಪ್ಪ ಬಂಗಾರಪೇಟೆಗೆ ಹೋಗಿ ಬರತೊಡಗಿದ. ಅಲ್ಲಿ ಹಾಲು ಇಳಿಸುವ ಕಟ್ಟೆಗೆ ವ್ಯಾನನ್ನು ರಿವರ್ಸಿನಲ್ಲೇ ತರಬೇಕು. ಮೊದಮೊದಲು ಸ್ಟೇರಿಂಗಿನ ಕೆಳಗೆ ಹಿಡಿದು ತರುತ್ತಿದ್ದ, ಬೇರೆ ಡ್ರೈವರುಗಳು ತಮಾಷೆ ಮಾಡುತ್ತಿದ್ದರು. ದಿನಕ್ಕೆ ಎರಡು ಹೊತ್ತು, ವರ್ಷಗಟ್ಟಲೆ. ಯಾವತ್ತು ಎಂದು ಗೊತ್ತಿಲ್ಲ, ಕೈ ತಾನಾಗಿ ಮೇಲಕ್ಕೆ ಹತ್ತಿತು. ಎಲ್ಲರ ಹಾಗೆ ಹಿಡಿದು, ಎಲ್ಲರ ಹಾಗೆ ತಿರುಗಿಸುತ್ತಿದ್ದ. ಅವನಿಗೇ ಅದು ಗೊತ್ತಾಗಿರಲಿಲ್ಲ. ಗೊತ್ತಾದದ್ದು ತೊಂಬತ್ತರ ದಶಕದಲ್ಲಿ, ಅದೂ ಬಚ್ಚಪ್ಪನವರ ಓಣಿಯಲ್ಲಿ.

ಅವತ್ತು ಸಂಜೆ ಹಾಲು ತುಂಬುತ್ತಿದ್ದಾಗ ಬಚ್ಚಪ್ಪನವರ ಮನೆಯಿಂದ ಆಳು ಬಂದ. ಮುನಿನಾರಾಯಣಪ್ಪ ಎಂಬ ಹೊಸ ಡ್ರೈವರು ಕಡಲೆಕಾಯಿ ಹೇರಿದ ಟ್ರೇಲರನ್ನು ತಿರುವಿನಲ್ಲಿ ಸಿಕ್ಕಿಸಿಕೊಂಡಿದ್ದ. ಮಳೆ ಮೋಡ ಬೇರೆ. ಕದಿರಪ್ಪ ವ್ಯಾನನ್ನು ಓಣಿಯ ಬಾಯಿಗೆ ನಿಲ್ಲಿಸಿ ನಡೆದು ಹೋದ. ಬಚ್ಚಪ್ಪನವರಿಗೆ ವಯಸ್ಸಾಗಿತ್ತು. ಕೋಲೂರಿಕೊಂಡು ಜಗಲಿಯ ಮೇಲೆ ನಿಂತಿದ್ದರು.

“ಬಾರಪ್ಪ ಕದಿರಪ್ಪ. ಇದು ನಿನ್ ಕೈಯಲ್ಲೇ ಆಗ್ಬೇಕು,” ಎಂದರು. ‘ಲಾ’ ಇರಲಿಲ್ಲ.

ಕದಿರಪ್ಪ ಟ್ರಾಕ್ಟರ್ ಹತ್ತಿದ. ಜನ ಸೇರಿದ್ದರು. ಹಿಂದಕ್ಕೆ ತಿರುಗಿ ಕೂತು, ಎಡಗೈ ಮಡ್‌ಗಾರ್ಡಿನ ಮೇಲಿಟ್ಟು, ಬಲಗೈ ಸ್ಟೇರಿಂಗಿನ ನೆತ್ತಿಯ ಮೇಲಿಟ್ಟು ಕ್ಲಚ್ ಬಿಟ್ಟ. ಬಾಲ ಎಡಕ್ಕೆ ಬರಬೇಕಿತ್ತು. ಕೈ ಎಡಕ್ಕೆ ಹೋಯಿತು. ಟ್ರೇಲರು ಬಲಕ್ಕೆ ಹೊರಳಿ ಜಗಲಿಯ ಅಂಚುಗಲ್ಲಿಗೆ ಗುದ್ದಿತು. ಕಲ್ಲು ಕಿತ್ತು ಬಂತು.

ಅವನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ದುಃಖವಾಯಿತು, ನಿಜವಾದ ದುಃಖ. ಎತ್ತುಗಳು ಕಲಿಸಿದ ವಿದ್ಯೆ ತನಗೆ ಹೇಳದೆಯೇ ಹೊರಟುಹೋಗಿತ್ತು. ಬೀಸುಕಲ್ಲು ನೆನಪಾಯಿತು. ಈಗ ಕೆಳಗೆ ಹಿಡಿದರೆ ಸಾಕು, ಟ್ರೇಲರು ಸರಿಯಾಗಿ ಬರುತ್ತದೆ. ಕೈ ಕೆಳಗೆ ಜಾರಿತ್ತು ಕೂಡ. ಆದರೆ ಇವತ್ತು ತನ್ನ ಕೈಯಿಂದಲೇ ಟ್ರೇಲರು ಒಳಗೆ ಹೋದರೆ ನಾಳೆಯೂ ತನ್ನನ್ನು ಕರೆಯಲು ಆಳು ಬರುತ್ತಾನೆ. ಅವನು ಇಂಜಿನ್ ಆರಿಸಿ ಇಳಿದ.

“ಮುನಿನಾರಾಯಣಪ್ಪ, ನೀನೇ ಹತ್ತು. ಸ್ಟೇರಿಂಗ್ ಕೆಳಗೆ ಹಿಡ್ಕೊ, ಹೊಟ್ಟೆ ಅ‌ತ್ರ. ಬಾಲ ಎತ್ತ ಓಗ್ಬೇಕೋ ಕೈ ಅತ್ತಲೇ ಒಯ್ಯಿ. ತಲೆ ಕೆಡಿಸ್ಕೊಬ್ಯಾಡ.”

ಮುನಿನಾರಾಯಣಪ್ಪ ಸ್ವಲ್ಪ ಮುಂದಕ್ಕೆ ತೆಗೆದುಕೊಂಡು, ಕೆಳಗೆ ಹಿಡಿದು, ಕದಿರಪ್ಪ ತೋರಿಸಿದ ಕಡೆಗೆ ಕೈ ಒಯ್ದ. ಟ್ರೇಲರು ತೊಟ್ಟಿಯನ್ನು ಬಳಸಿ, ಜಗಲಿಯನ್ನು ಬಿಟ್ಟು, ನಿಧಾನಕ್ಕೆ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಿತು. ನೋಡುತ್ತಿದ್ದವರು ಹೋ ಎಂದರು. ಮುನಿನಾರಾಯಣಪ್ಪನ ಮುಖ ಅರಳಿತು. ಹಿಂದೊಮ್ಮೆ ತನ್ನ ಮುಖವೂ ಇಲ್ಲಿಯೇ ಹಾಗೆ ಅರಳಿದ್ದು ಕದಿರಪ್ಪನಿಗೆ ನೆನಪಾಯಿತು.

ಬಚ್ಚಪ್ಪ ಕಿತ್ತುಬಂದ ಕಲ್ಲನ್ನು ಕೋಲಿನಿಂದ ತಟ್ಟಿ ನೋಡಿದರು. ಕದಿರಪ್ಪ ಅಂಗಳದಲ್ಲಿ, ತಾನು ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದ. ಅವರು ಕೂತರು. ಎಲೆ ಅಡಿಕೆ ತಟ್ಟೆಗೆ ಕೈ ಚಾಚಿದರು. ಒಂದು ಎಲೆ ಆರಿಸಿ ತೊಟ್ಟು ಮುರಿದರು.

ಓಣಿಯ ಬಾಯಲ್ಲಿ ವ್ಯಾನಿನ ತುಂಬ ಹಾಲಿತ್ತು.

“ಹಾಲು ಕೆಡ್ತದೆ,” ಎಂದ ಕದಿರಪ್ಪ. “ನಾನು ಬತ್ತೀನಿ ಯಜಮಾನ್ರೇ.”

ಹೇಳಿ ಅವರ ಮುಖ ನೋಡಲು ನಿಲ್ಲಲಿಲ್ಲ. ತಿರುಗಿ ತೊಟ್ಟಿಯನ್ನು ದಾಟಿ ಓಣಿಗಿಳಿದ. ಹಿಂದಿನಿಂದ ಸ್ವಲ್ಪ ತಡವಾಗಿ “ಊಂ, ಓಗ್ ಬಾರಪ್ಪ” ಎಂಬ ಮಾತು ಕೇಳಿಸಿತು. ಅಷ್ಟರಲ್ಲಿ ಅವನು ವ್ಯಾನಿನ ಬಾಗಿಲು ತೆಗೆದಿದ್ದ. ಹತ್ತಿ ಕೂತು, ಹಿಂದಕ್ಕೆ ನೋಡಿ, ವ್ಯಾನನ್ನು ರಿವರ್ಸಿನಲ್ಲಿ ದೊಡ್ಡ ರಸ್ತೆಗೆ ತೆಗೆದುಕೊಂಡು ಬಂಗಾರಪೇಟೆಯ ಕಡೆಗೆ ಹೊರಟ.